ಮೊದಲು ಪೈಪು, ಆಮೇಲೆ ಪ್ಲಾಟು: ವೃಷಭಾವತಿ ಕಲಿಸುವ ಪಾಠ

ಬೆಳಗ್ಗೆ ಕೆಂಗೇರಿಯಿಂದ ನೇರಳೆ ಮೆಟ್ರೋ ಹತ್ತುವವರಿಗೆ ಇದು ಗೊತ್ತು. ರಾಜರಾಜೇಶ್ವರಿ ನಗರದಲ್ಲೋ ನಾಯಂಡಹಳ್ಳಿಯಲ್ಲೋ ಬಾಗಿಲು ತೆರೆದರೆ ಸಾಕು, ಕೈ ತಾನಾಗೇ ಮೂಗಿಗೆ ಹೋಗುತ್ತೆ. ಪಕ್ಕದಲ್ಲಿ ಹರಿಯೋದನ್ನ ನಾವು ‘ದೊಡ್ಡ ಮೋರಿ’ ಅಂತೀವಿ. ಅದು ಮೋರಿ ಅಲ್ಲ, ವೃಷಭಾವತಿ ನದಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದ್ದು ಅಂತ ಜನ ನಂಬುವ ನದಿ. ಗಾಳಿ ಆಂಜನೇಯ ದೇವಸ್ಥಾನ ಇರೋದು ಇದರ ದಡದಲ್ಲೇ.

ನದಿ ಹೀಗಾಗಿದ್ದಕ್ಕೆ ಕಾರ್ಖಾನೆಗಳನ್ನಷ್ಟೇ ಬೈದರೆ ಆಗಲ್ಲ. ಇದರಲ್ಲಿ ಹೆಚ್ಚಿನದು ನಮ್ಮ ಮನೆಗಳ ಕೊಳಚೆಯೇ. ಆದರೆ ಎರಡು ಕೊಳಕು ಒಂದೇ ಥರದ್ದಲ್ಲ.

ಬ್ಯಾಕ್ಟೀರಿಯಾಕ್ಕೆ ಜೀರ್ಣವಾಗದ್ದು

ಮನೆಯ ಕೊಳಚೆಯನ್ನು ಎಸ್‌ಟಿಪಿಯಲ್ಲಿ ಬ್ಯಾಕ್ಟೀರಿಯಾಗಳು ತಿಂದು ಮುಗಿಸುತ್ತವೆ. ಪೀಣ್ಯ, ರಾಜಾಜಿನಗರ, ಕಾಮಾಕ್ಷಿಪಾಳ್ಯದ ಕಡೆ ಇರುವ ಪ್ಲೇಟಿಂಗ್ ಶಾಪ್‌ಗಳ ನೀರಿನಲ್ಲಿ ಕ್ರೋಮಿಯಂ, ನಿಕ್ಕಲ್, ಸತುವಿನಂಥ ಲೋಹಗಳಿರುತ್ತವೆ. ಇವು ಕೊಳೆಯಲ್ಲ, ಕರಗಿ ಮಾಯವಾಗಲ್ಲ. ಜಾಸ್ತಿಯಾದರೆ ಆ ಬ್ಯಾಕ್ಟೀರಿಯಾಗಳೇ ಸಾಯುತ್ತವೆ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ, ಕೆಟ್ಟ ಡೇಟಾವನ್ನು ಒಳಬರುವ ಬಾಗಿಲಲ್ಲೇ ತಡೀಬೇಕು. ಡೇಟಾಬೇಸ್ ಸೇರಿದ ಮೇಲೆ ಹೆಕ್ಕೋಕೆ ಆಗಲ್ಲ.

ತಡೆಯೋ ವಿಧಾನ ಗೊತ್ತಿರುವಂಥದ್ದೇ. ಕ್ರೋಮ್ ಇರುವ ನೀರನ್ನು ಆಮ್ಲೀಯವಾಗಿಟ್ಟು ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ವಿಷಕಾರಿ ಕ್ರೋಮಿಯಂ ಕಡಿಮೆ ಅಪಾಯದ ರೂಪಕ್ಕೆ ಬರುತ್ತೆ. ಆಮೇಲೆ ಸುಣ್ಣ ಹಾಕಿದರೆ ಲೋಹ ಕೆಸರಾಗಿ ತಳ ಸೇರುತ್ತೆ. ಆ ಕೆಸರನ್ನು ಹಿಂಡಿ ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಕಳಿಸಬೇಕು.

ನಾಲ್ಕೈದು ಜನ ಕೆಲಸ ಮಾಡುವ ಶೆಡ್‌ನಲ್ಲಿ ಇದಕ್ಕೆಲ್ಲ ಜಾಗ ಎಲ್ಲಿದೆ? ಕೆಮಿಸ್ಟ್‌ಗೆ ಸಂಬಳ ಕೊಡೋರು ಯಾರು? ಅದಕ್ಕೇ ಹತ್ತಾರು ಶಾಪ್‌ಗಳಿಗೆ ಸೇರಿ ಒಂದು ಸಾಮೂಹಿಕ ಸಂಸ್ಕರಣಾ ಘಟಕ, ಅಂದರೆ ಸಿಇಟಿಪಿ ಬೇಕು. ಅದಕ್ಕೆ ನೆಲ ಬೇಕು, ಕಾರ್ಖಾನೆ ನೀರಿಗೆ ಬೇರೆಯದೇ ಪೈಪು ಬೇಕು. ಸುತ್ತ ಮನೆಗಳೆದ್ದು, ರಸ್ತೆಗೆ ಡಾಂಬರು ಬಿದ್ದ ಮೇಲೆ ಇವೆರಡನ್ನೂ ಹೊಂದಿಸೋದು ಎಷ್ಟು ಕಷ್ಟ ಅಂತ ನಮ್ಮ ಪಶ್ಚಿಮ ಬೆಂಗಳೂರಿನ ಯಾವ ಗಲ್ಲಿಯನ್ನು ನೋಡಿದರೂ ಗೊತ್ತಾಗುತ್ತೆ.

ಕೆಳಗಿರುವವರ ಪಾಡು

ನದಿ ಕೆಂಗೇರಿ ದಾಟಿ ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರುತ್ತೆ. ಅಲ್ಲಿನ ರೈತರು ಇದೇ ನೀರಲ್ಲಿ ಬೇಬಿ ಕಾರ್ನ್, ಮೇವು, ಹಿಪ್ಪುನೇರಳೆ ಬೆಳೀತಾರೆ. ಅಲ್ಲಿಂದ ಮುಂದೆ ಅರ್ಕಾವತಿ, ಆಮೇಲೆ ಕಾವೇರಿ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳನ್ನು ತುಂಬಿಸ್ತಿದೆ. ವೃಷಭಾವತಿ ಕಣಿವೆಯ ನೀರನ್ನೂ ಹೀಗೇ ಕೆರೆಗಳಿಗೆ ಹರಿಸುವ ಯೋಜನೆ ಇದೆ. ಕೆರೆಯ ನೀರು ಅಂತರ್ಜಲಕ್ಕೆ ಇಳಿಯುತ್ತೆ. ಹಾಗಾಗಿ ಮೇಲೆ ಒಂದು ಶಾಪ್ ರಾತ್ರೋರಾತ್ರಿ ಚರಂಡಿಗೆ ಬಿಡುವ ಒಂದು ಡ್ರಮ್ ನೀರು ಇನ್ನು ಮೋರಿಯೊಂದರ ವಿಷಯವಾಗಿ ಉಳಿಯಲ್ಲ, ಯಾರದೋ ಬೋರ್‌ವೆಲ್ ವಿಷಯವೂ ಆಗುತ್ತೆ.

ಕಾರ್ಖಾನೆಗೆ ಕಾವೇರಿಯೇ ಬೇಕಾ?

ಮಾರ್ಚ್ 2024 ಮರೆತಿಲ್ಲ ಅಲ್ವಾ? ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂದಿದ್ದರು. ಅದೇ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಬಂತು, ದಿನಕ್ಕೆ 77.5 ಕೋಟಿ ಲೀಟರ್. ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುವ ನೀರನ್ನು ಕೂಲಿಂಗ್ ಟವರ್‌ಗೆ ಸುರಿಯೋದು ಯಾಕೆ?

ಚೆನ್ನೈನಲ್ಲಿ ಕೊಡುಂಗೈಯೂರು ಮತ್ತು ಕೋಯಂಬೇಡಿನ ಘಟಕಗಳು ಊರಿನ ಕೊಳಚೆಯನ್ನು ಆರ್‌ಒ ಮಟ್ಟಕ್ಕೆ ಶುದ್ಧ ಮಾಡಿ ಕಾರ್ಖಾನೆಗಳಿಗೆ ಪೈಪಿನಲ್ಲಿ ಕೊಡುತ್ತವೆ. ಒಂದೊಂದರ ಸಾಮರ್ಥ್ಯ ದಿನಕ್ಕೆ 4.5 ಕೋಟಿ ಲೀಟರ್. ನಮ್ಮಲ್ಲೂ ಯಲಹಂಕದ ಸಂಸ್ಕರಿತ ನೀರು ವಿಮಾನ ನಿಲ್ದಾಣಕ್ಕೆ ಹೋಗಿದೆ. ಮೈಸೂರು ರಸ್ತೆಯ ಎಸ್‌ಟಿಪಿಯಿಂದ ಬಿಡದಿಯ ಕಾರ್ಖಾನೆಗಳು ದೂರವೇನಲ್ಲ.

ಹೊಸ ಕೈಗಾರಿಕಾ ಪ್ರದೇಶ ಘೋಷಣೆಯಾದಾಗ ನಾವು ಕೇಳೋದು ಎಷ್ಟು ಎಕರೆ, ಎಷ್ಟು ಉದ್ಯೋಗ ಅಂತ. ಇನ್ನೆರಡು ಪ್ರಶ್ನೆ ಸೇರಿಸೋಣ: ನೀರು ಎಲ್ಲಿಂದ ಬರುತ್ತೆ, ಬಳಸಿದ ಮೇಲೆ ಯಾವ ಪೈಪಿಗೆ ಹೋಗುತ್ತೆ? ಇದಕ್ಕೆ ನಕ್ಷೆಯಲ್ಲೇ ಉತ್ತರ ಇರಬೇಕು. ಇಲ್ಲದಿದ್ದರೆ ಇನ್ನೊಂದು ಊರಿನ ಹೊಳೆಗೂ ‘ದೊಡ್ಡ ಮೋರಿ’ ಅಂತಲೇ ಹೆಸರಾಗುತ್ತೆ.