ಇಂಗ್ಲಿಷ ನಾಟಕದಲ್ಲಿ ನಮ್ಮ ಹೆಣ್ಣುಮಕ್ಕಳು

ಸಂಸ್ಕೃತ ನಾಟಕಗಳ ಪರಿಚಯವುಳ್ಳ ವಾಚಕರಿಗೆ ಒಂದು ಸಂಗತಿಯು ಗೊತ್ತಿದ್ದೇ ಇರುವದು. ಅಲ್ಲಿ ದುಷ್ಯಂತನು ಸಂಸ್ಕೃತವನ್ನಾಡುತ್ತಾನೆ, ಶಕುಂತಲೆಯು ಪ್ರಾಕೃತವನ್ನಾಡುತ್ತಾಳೆ. ಶ್ರೀರಾಮನ ನುಡಿ ಸಂಸ್ಕೃತ, ಸೀತಾದೇವಿಯ ನುಡಿ ಪ್ರಾಕೃತ. ಪತಿಪತ್ನಿಯರು ಒಂದೇ ಆಸನದ ಮೇಲೆ ಕುಳಿತಿದ್ದರೂ ಅವರ ನಾಲಗೆಗಳಿಗೆ ಬೇರೆ ಬೇರೆ ಪಂಕ್ತಿ! ಪಟ್ಟದರಾಣಿಗೂ ಸಂಸ್ಕೃತವನ್ನಾಡಲು ಭರತಮುನಿಯ ಶಾಸ್ತ್ರದಲ್ಲಿ ಅನುಮತಿಯುಂಟು. ಪ್ರಯೋಗದಲ್ಲಿ ಅದು ವಿರಳ. ‘ಮಾಲವಿಕಾಗ್ನಿಮಿತ್ರ’ದ ಪಂಡಿತ ಕೌಶಿಕಿ, ‘ಮಾಲತೀಮಾಧವ’ದ ಕಾಮಂದಕಿ, ‘ಉತ್ತರರಾಮಚರಿತ’ದ ಆತ್ರೇಯಿ ಮೊದಲಾದವರು ಸಂಸ್ಕೃತವನ್ನಾಡುವರು ನಿಜ, ಆದರೆ ಇವರಾರೂ ಗೃಹಿಣಿಯರಲ್ಲ. ಕಾಷಾಯವನ್ನುಟ್ಟು ಸಂಸಾರವನ್ನು ಬಿಟ್ಟ ಮೇಲೆ ದೊರೆತ ಭಾಷೆಯದು.

‘ಮೃಚ್ಛಕಟಿಕ’ದಲ್ಲಿ ವಿದೂಷಕ ಮೈತ್ರೇಯನು ಇನ್ನೂ ಮುಂದಕ್ಕೆ ಹೋಗಿ, ಸಂಸ್ಕೃತವನ್ನೋದುವ ಹೆಂಗಸನ್ನು ಹೊಸದಾಗಿ ಮೂಗುದಾರ ಪೋಣಿಸಿದ ಕಡಸಿಗೆ ಹೋಲಿಸಿ ಹಾಸ್ಯ ಮಾಡುತ್ತಾನೆ. ದನದ ಸಂತೆಯ ಊರಾದ ನಮ್ಮ ಅಮೀನಗಡದಲ್ಲಿ ಈ ಉಪಮೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಧ್ಯಾಪಕನಾಗಿದ್ದಾಗ ನಾನು ಇದನ್ನು ತರಗತಿಯಲ್ಲಿ ಅನೇಕ ಸಲ ಹೇಳಿರುವೆನು. ಹುಡುಗರು ನಕ್ಕರು, ನಾನೂ ನಕ್ಕೆನು. ಹುಡುಗಿಯರ ಬೆಂಚಿನ ಕಡೆಗೆ ನೋಡಿದ ನೆನಪು ಮಾತ್ರ ನನಗಿಲ್ಲ.

ಇದೆಲ್ಲ ಈಗೇಕೆ ನೆನಪಾಯಿತೆಂದರೆ, ನಿವೃತ್ತಿಯ ಬಿಡುವಿನಲ್ಲಿ ನಮ್ಮ ದೇಶದವರೇ ಇಂಗ್ಲಿಷಿನಲ್ಲಿ ಬರೆದ ನಾಟಕಗಳನ್ನು ಓದುತ್ತಿರುವೆನು. ಈ ನಾಟಕಗಳಲ್ಲಿ ಗಂಡಸಿಗೊಂದು ಹೆಂಗಸಿಗೊಂದು ಭಾಷೆಯೆಂಬ ನಿಯಮವಿಲ್ಲ. ಎಲ್ಲರೂ ಇಂಗ್ಲಿಷನ್ನೇ ಆಡುವರು. ಹಾಗಾದರೆ ಆ ಹಳೆಯ ಪಂಕ್ತಿಭೇದವು ಅಳಿಯಿತೇ? ಹಿರಿಯರಾದ ಟಿ. ಪಿ. ಕೈಲಾಸಂ (1884–1946) ಅವರನ್ನೇ ನೋಡಿರಿ. ಕನ್ನಡದಲ್ಲಿ ಬರೆಯುವಾಗ ಅವರು ನಮ್ಮ ಮನೆಗಳ ಒಳಕ್ಕೇ ಬಂದು ಅತ್ತೆ ಸೊಸೆಯರ ಮಾತಿಗೆ ಕಿವಿಗೊಟ್ಟರು. ಇಂಗ್ಲಿಷಿಗೆ ತಿರುಗಿದೊಡನೆ ಅವರಿಗೆ ಬೇಕಾದವರು ಏಕಲವ್ಯ, ಭರತ, ಕರ್ಣ, ಕೀಚಕರು. ಮನೆಯ ಮಾತಿಗೆ ಕನ್ನಡ, ವೀರಪುರುಷರ ಮಾತಿಗೆ ಇಂಗ್ಲಿಷ! ದೊಡ್ಡವರ ಬಗ್ಗೆ ಆಕ್ಷೇಪವಾಗಿ ಇದನ್ನು ಹೇಳುತ್ತಿಲ್ಲ. ಆದರೂ ಮನಸ್ಸಿಗೆ ಬಂದುದನ್ನು ಬರೆಯದಿರಲಾರೆನು.

ಆ ಹೊಸ್ತಿಲನ್ನು ದಾಟಿ ಇಂಗ್ಲಿಷ ನಾಟಕವನ್ನು ಮನೆಯೊಳಕ್ಕೆ ತಂದವರಲ್ಲಿ ಮಹೇಶ ದತ್ತಾನಿಯವರು ಮುಖ್ಯರು. ಗುಜರಾತಿ ಮನೆತನದ ಇವರು ಹುಟ್ಟಿದ್ದು 1958ರಲ್ಲಿ, ಬೆಂಗಳೂರಿನಲ್ಲಿ. 1998ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದರು. ಇಂಗ್ಲಿಷ ನಾಟಕಕಾರರೊಬ್ಬರಿಗೆ ಆ ಮನ್ನಣೆ ದೊರೆತುದು ಅದೇ ಮೊದಲು. ಇವರ ‘ತಾರಾ’ ಎಂಬ ನಾಟಕವು 1990ರಲ್ಲಿ ಬೆಂಗಳೂರಿನಲ್ಲಿಯೇ ಮೊದಲು ರಂಗವೇರಿತು. ಅದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ತಾರಾ ಮತ್ತು ಚಂದನ ಎಂಬವರು ಮೈಗೂಡಿ ಹುಟ್ಟಿದ ಅವಳಿಮಕ್ಕಳು. (ಇಂಥ ಅವಳಿಗಳು ಸಾಮಾನ್ಯವಾಗಿ ಒಂದೇ ಲಿಂಗದವಾಗಿರುವವೆಂದು ವೈದ್ಯರ ಮತ. ಕವಿಗೆ ಅಷ್ಟು ಸ್ವಾತಂತ್ರ್ಯವಿರಲಿ.) ಇಬ್ಬರಿಗೂ ಕೂಡಿ ಮೂರು ಕಾಲುಗಳು. ಶಸ್ತ್ರಕ್ರಿಯೆಯಿಂದ ಬೇರ್ಪಡಿಸುವಾಗ ಮೂರನೆಯ ಕಾಲು ಯಾರದಾಗಬೇಕು? ಆ ಕಾಲಿಗೆ ಹೆಚ್ಚಿನ ರಕ್ತವು ಹರಿಯುತ್ತಿದ್ದುದು ಹೆಣ್ಣುಕೂಸಿನ ಮೈಯಿಂದ. ಅವಳಲ್ಲಿಯೇ ಅದು ಬದುಕುವ ಸಂಭವ ಹೆಚ್ಚೆಂದು ಪರೀಕ್ಷೆಯಿಂದ ತಿಳಿದಿತ್ತು. ಆದರೂ ತಾಯಿ ಭಾರತಿಯೂ ಅವಳ ತಂದೆಯೂ ವೈದ್ಯನನ್ನು ಏಕಾಂತದಲ್ಲಿ ಕಂಡು ಕಾಲನ್ನು ಗಂಡುಮಗುವಿಗೆ ಕೊಡಿಸಿದರು. ಧನವಂತನೂ ರಾಜಕಾರಣಿಯೂ ಆದ ಆ ಅಜ್ಜನ ಕೃಪೆಯಿಂದ ವೈದ್ಯನಿಗೆ ಬೆಂಗಳೂರಿನಲ್ಲಿ ಭೂಮಿಯೂ ದೊರೆಯಿತು. ಎರಡೇ ದಿನಗಳಲ್ಲಿ ಕಾಲು ಸತ್ತು, ಅದನ್ನು ಕತ್ತರಿಸಿ ತೆಗೆಯಬೇಕಾಯಿತು. ಹುಡುಗನಿಗೂ ಉಳಿಯಲಿಲ್ಲ, ಹುಡುಗಿಗೂ ಇಲ್ಲ. ಇಬ್ಬರೂ ಒಂದೊಂದು ಕೃತಕ ಕಾಲಿನಿಂದ ನಡೆದು ಬೆಳೆದರು.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ತಾಯಿಯ ಪಾತ್ರ. ಅವಳು ರಾಕ್ಷಸಿಯಲ್ಲ. ಮಗಳನ್ನು ಅತಿಯಾಗಿ ಮುದ್ದಿಸುವಳು, ಮುಂದೆ ತನ್ನ ಮೂತ್ರಪಿಂಡವನ್ನೇ ಕೊಡಲು ಹಟ ಹಿಡಿಯುವಳು, ಕೊನೆಗೆ ಬುದ್ಧಿಸ್ಥಿಮಿತವನ್ನೇ ಕಳೆದುಕೊಳ್ಳುವಳು. ತಾನು ಮಾಡಿದುದನ್ನು ವಾತ್ಸಲ್ಯದಿಂದ ತೀರಿಸಹೊರಟ ಹೆಂಗಸವಳು. ತಂದೆ ಪಟೇಲನಾದರೋ ಎಲ್ಲವನ್ನೂ ಬಲ್ಲವನಾಗಿ ಸುಮ್ಮನಿದ್ದವನು. ಮಗನು ತಾಯಿಯ ಹೆಣಿಗೆಗೆ ಕೈಹಾಕಿದರೆ ಸಿಡಿಮಿಡಿಗೊಳ್ಳುವವನು. ಮೊಮ್ಮಗನಿಗೆ ಹಣವನ್ನು ಬರೆದಿಟ್ಟ ಅಜ್ಜನು ಮೊಮ್ಮಗಳಿಗೆ ಏನನ್ನೂ ಇಡಲಿಲ್ಲ.

ಇಲ್ಲಿ ಕಾಯದೆಯ ಮಾತೊಂದು. ಕರ್ನಾಟಕದಲ್ಲಿ 1994ರಿಂದಲೂ, ಇಡೀ ದೇಶದಲ್ಲಿ 2005ರಿಂದಲೂ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕುಂಟು. ಸ್ವಯಾರ್ಜಿತವನ್ನಾದರೆ ಮೃತ್ಯುಪತ್ರದಿಂದ ಯಾರಿಗೆ ಬೇಕಾದರೂ ಬರೆಯಬಹುದು. ಆದುದರಿಂದ ಆ ಅಜ್ಜನು ಇಂದು ಇದ್ದರೂ ಯಾವ ನ್ಯಾಯಾಲಯವೂ ಅವನ ಕೈಹಿಡಿಯಲಾರದು.

ನಾಟಕದ ಅಂತ್ಯದಲ್ಲಿ ತಾರೆ ಬದುಕಿಲ್ಲ. ಲಂಡನ್ನಿನಲ್ಲಿ ಹೆಸರನ್ನು ಕತ್ತರಿಸಿಕೊಂಡು ‘ಡ್ಯಾನ್’ ಆಗಿರುವ ಚಂದನನು ಈ ಕಥೆಯನ್ನು ಇಂಗ್ಲಿಷಿನಲ್ಲಿ ಬರೆಯಲು ಕುಳಿತಿದ್ದಾನೆ. ಅವಳ ದುರಂತವನ್ನು ತನ್ನದನ್ನಾಗಿ ಮಾಡಿಕೊಂಡುದಕ್ಕೆ ಅವಳಲ್ಲಿ ಕ್ಷಮೆ ಬೇಡುತ್ತಾನೆ. ಕಾಲು ಮೊದಲು ಅಣ್ಣನ ಪಾಲಾಯಿತು, ಆಮೇಲೆ ಕಥೆಯೂ! ದತ್ತಾನಿಯವರು ಇದನ್ನರಿತೇ ಬರೆದಿರುವರು. ಅದರಿಂದಲೇ ಈ ಕೃತಿಯನ್ನು ನಾನು ದೊಡ್ಡದೆಂದು ಎಣಿಸುವೆನು.

ಒಂದು ಮಧ್ಯಾಹ್ನ ಮನೆಯ ಹೆಂಗಸರು ಅಂಟಿನುಂಡೆಗಾಗಿ ಒಣಕೊಬ್ಬರಿ ಹೆರೆಯುತ್ತ ಕುಳಿತಿದ್ದಾಗ ಈ ಕಥೆಯನ್ನು ಕನ್ನಡದಲ್ಲಿ ಹೇಳಿದೆನು. ಬಾಣಂತಿಯೊಬ್ಬಳಿಗಾಗಿ ನಡೆದಿದ್ದ ಕೆಲಸವದು, ಹುಟ್ಟಿದ್ದು ಹೆಣ್ಣುಕೂಸು. ಕೇಳಿದವರು ತಾಯಿಯನ್ನು ಬಯ್ಯುವರೆಂದು ನಾನು ತಿಳಿದಿದ್ದೆನು. ಸೊಸೆಯು, “ಹೆತ್ತಪ್ಪ ಬಂದು ಎದುರು ನಿಂತ್ರ ಆಕಿ ಏನ್ ಮಾಡ್ಯಾಳು?” ಎಂದಳು. ನನ್ನ ಅಕ್ಕನು ಹೆರೆಮಣೆಯಿಂದ ತಲೆಯೆತ್ತದೆಯೇ ಕೇಳಿದಳು: “ಇದನ್ನ ಇಂಗ್ಲೀಷಿನ್ಯಾಗ ಯಾಕ ಬರದಾರ, ತಮ್ಮಾ? ನಮಗ ತಿಳೀಬಾರದಂತೇನು?”

ಅದು ಅವರ ಮನೆಯ ಮಾತಿನಂತೆಯೇ ಆಗಿಬಿಟ್ಟ ಭಾಷೆ, ಇಂಥ ಕೃತ್ಯಗಳು ನಡೆಯುವದೂ ಓದುಬರಹ ಬಲ್ಲ ಶ್ರೀಮಂತರ ಮನೆಗಳಲ್ಲಿಯೇ, ಅವರಿಗೆ ತಟ್ಟಬೇಕಾದರೆ ಅವರ ನುಡಿಯಲ್ಲಿಯೇ ಹೇಳಬೇಕು ಎಂದು ಸಮಾಧಾನ ಹೇಳಿದೆನು. ಅದು ಸುಳ್ಳೂ ಅಲ್ಲ. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ನಮ್ಮ ದೇಶದಲ್ಲಿ 1991ರಲ್ಲಿ 945 ಹೆಣ್ಣುಮಕ್ಕಳಿದ್ದರು. 2001ರ ಗಣತಿಯಲ್ಲಿ ಅವರು 927ಕ್ಕೆ ಇಳಿದರು. ಭ್ರೂಣದ ಲಿಂಗವನ್ನು ತಿಳಿಸಬಾರದೆಂಬ ಕಾಯದೆಯು ನಡುವೆ 1994ರಲ್ಲಿ ಬಂದಿದ್ದರೂ ಹೀಗಾಯಿತು. ಯಂತ್ರವನ್ನಿಟ್ಟು ಗರ್ಭವನ್ನು ನೋಡುವ ಮನೆಗಳೇನೂ ಅಕ್ಷರವರಿಯದವರವಲ್ಲ.

ಆದರೂ ಅಕ್ಕನ ಪ್ರಶ್ನೆಯು ಅಲ್ಲಿಗೆ ತೀರಲಿಲ್ಲ. ನಮ್ಮ ಬೀದಿಯಲ್ಲಿಯೇ ಬೆಳಗಿನ ಹೊತ್ತು ನೋಡುವೆನು: ತಮ್ಮನು ಬೂಟು ಹಾಕಿಕೊಂಡು ಇಂಗ್ಲಿಷ ಶಾಲೆಯ ವಾಹನವನ್ನೇರುವನು, ಅಕ್ಕನು ಕನ್ನಡ ಶಾಲೆಗೆ ನಡೆದು ಹೋಗುವಳು. ಕನ್ನಡ ಶಾಲೆ ಕೀಳೆಂದು ನಾನು ಎಂದೂ ಹೇಳುವವನಲ್ಲ, ಅಲ್ಲಿಯೇ ಅನ್ನ ಉಂಡವನು. ಆದರೆ ಅದು ಮೇಲಾದುದೆಂದು ಬಗೆದು ತಂದೆಯು ಅವಳನ್ನು ಅಲ್ಲಿಗೆ ಕಳಿಸುತ್ತಿಲ್ಲ, ಶುಲ್ಕವಿಲ್ಲವೆಂದು ಕಳಿಸುತ್ತಾನೆ. ಸಂಸ್ಕೃತದ ಸ್ಥಾನಕ್ಕೆ ಇಂಗ್ಲಿಷ ಬಂದಿದೆ, ಪ್ರಾಕೃತದ ಸ್ಥಾನಕ್ಕೆ ನಮ್ಮ ಕನ್ನಡ. ತಾರೆಯ ಕಥೆಯನ್ನು ಮುಂದೆ ಆ ತಮ್ಮನು ಓದಿಯಾನು. ಅದು ಯಾರ ಕಥೆಯೋ ಅವಳ ಕೈಗೆ ಪುಸ್ತಕವು ಎಟುಕದು.

ಅಕ್ಕನು ಹಾಗೆ ಕೇಳಲು ಬೇರೆ ಕಾರಣವೂ ಇದ್ದೀತು. ಚಿಕ್ಕಂದಿನಲ್ಲಿ ತಂದೆಯವರು ಪ್ರಾತಃಕಾಲದಲ್ಲಿ ನನಗೆ ಶಬ್ದರೂಪಗಳನ್ನೂ ಅಮರಕೋಶವನ್ನೂ ಪಾಠ ಹೇಳುವಾಗ ಅವಳು ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಳು. ನಾನು ತಡವರಿಸಿದಲ್ಲಿ ಹೊರಗಿನಿಂದಲೇ ಎತ್ತಿಕೊಡುವಳು. ಒಮ್ಮೆ ತಂದೆಯವರು ನಕ್ಕು, “ನಿನಗ್ಯಾಕವ್ವ ಅದು?” ಎಂದರು. ಬೈಗುಳಲ್ಲ, ಪ್ರೀತಿಯ ಮಾತೇ. ನಾನು ಧಾರವಾಡದವರೆಗೂ ಓದಿದೆನು. ಅವಳ ಓದು ಏಳನೆಯ ಇಯತ್ತೆಗೆ ನಿಂತಿತು. ಅವಳ ಪರವಾಗಿ ಒಂದು ಮಾತನ್ನಾದರೂ ನಾನಾಗ ಆಡಿದ್ದಿಲ್ಲ.

‘ತಾರಾ’ ಮುಗಿದ ಮೇಲೆ ಮತ್ತೊಂದು ನಾಟಕವನ್ನು ಕೇಳಿದಳು. ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು (1988) ತಂದುಕೊಟ್ಟೆನು. ಕಾರ್ನಾಡರು ಅದನ್ನು ಕನ್ನಡದಲ್ಲಿ ಬರೆದು ಆಮೇಲೆ ತಾವೇ ಇಂಗ್ಲಿಷಿಗೆ ಮಾಡಿದವರು. ಹೆಂಗಸರು ಹೇಳುವ ನಮ್ಮ ಸೀಮೆಯ ಕಥೆಗಳೇ ಅದರ ಮೂಲ. ಕನ್ನಡವೇ ಆದುದರಿಂದ ನನ್ನ ಹಂಗಿಲ್ಲದೆ ಕನ್ನಡಕವಿಟ್ಟುಕೊಂಡು ತಾನೇ ಓದುತ್ತಿದ್ದಾಳೆ. ನಿನ್ನೆ ರಾಣಿಯು ಹುತ್ತಕ್ಕೆ ಕೈಯಿಟ್ಟು ಹಾವನ್ನು ಹಿಡಿದು ಪ್ರಮಾಣ ಮಾಡುವ ಸ್ಥಳಕ್ಕೆ ಬಂದವಳು, ದಿನಾಲು ಸೂಳೆಯ ಮನೆಗೆ ಹೋಗುವ ಆ ಅಪ್ಪಣ್ಣನಿಗೆ ಹಿರಿಯರು ಹುತ್ತವನ್ನು ಯಾಕೆ ತೋರಿಸಲಿಲ್ಲವೆಂದು ಒಳಗಿನಿಂದ ಕೂಗಿ ಕೇಳಿದಳು. ನಾನು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದೆನು.