ಬಿರಾಜದಾರ ಮಾಮಾ: ನಿಲಂಗಾದ ಮಣ್ಣಿನ ಮಲ್ಲ

2018ರ ಏಪ್ರಿಲ್ 12. ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ನಗರದಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದ 57 ಕಿಲೋ ತೂಕದ ಕುಸ್ತಿಯ ಅಂತಿಮ ಪಂದ್ಯದಲ್ಲಿ, ಬೀಡ ಜಿಲ್ಲೆಯ ಪಾಟೋದಾದ ರಾಹುಲ್ ಆವಾರೆ ಅವರು ಕೆನಡಾದ ಸ್ಟೀವನ್ ತಾಕಾಹಾಶಿ ಅವರನ್ನು 15–7 ಅಂಕಗಳಿಂದ ಸೋಲಿಸಿ ಚಿನ್ನದ ಪದಕ ಗೆದ್ದರು. ಗೆದ್ದ ಬಳಿಕ ಭಾವುಕರಾದ ಅವರು ಪದಕವನ್ನು ತಮ್ಮ ಗುರು ಹರಿಶ್ಚಂದ್ರ ಬಿರಾಜದಾರರಿಗೆ ಅರ್ಪಿಸಿದರು. ಗುರುಗಳು ತೀರಿಹೋಗಿ ಆಗಲೇ ಆರೂವರೆ ವರ್ಷಗಳಾಗಿದ್ದವು.

ಆ ಸುದ್ದಿಯನ್ನು ಕೇಳಿದ ದೇಶದ ಬಹುಪಾಲು ಜನರಿಗೆ ಆ ಗುರುವಿನ ಹೆಸರು ಹೊಸದಾಗಿದ್ದಿರಬಹುದು. ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಹಿರಿಯರಿಗೆ ಅದು ಮನೆಯ ಹೆಸರು. ನಿಲಂಗಾ ತಾಲೂಕಿನ ರಾಮಲಿಂಗ ಮುದಗಡವೆಂಬ ಹಳ್ಳಿಯಿಂದ ಹೊರಟು ಮಹಾರಾಷ್ಟ್ರ ಕೇಸರಿಯಾಗಿ, ರುಸ್ತುಮ್-ಎ-ಹಿಂದ್ ಎನಿಸಿ, ಮುಂದೆ ಪುಣೆಯ ತಾಲೀಮಿನಲ್ಲಿ ಎಷ್ಟೋ ಹುಡುಗರನ್ನು ಪೈಲವಾನರನ್ನಾಗಿ ತಿದ್ದಿದ ಬಿರಾಜದಾರರನ್ನು ಕುಸ್ತಿಪ್ರಿಯರು ಪೂರ್ಣ ಹೆಸರಿನಿಂದ ಕರೆಯುವುದು ಕಡಮೆ. ‘ಮಾಮಾ’ ಎಂದರೆ ಸಾಕು. ನಮ್ಮ ಮನೆಗಳಲ್ಲಿ ಮಗುವಿನ ಜವಳ ತೆಗೆಯುವಾಗಲೂ ಕಿವಿ ಚುಚ್ಚುವಾಗಲೂ ಅದನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವವನು ಸೋದರಮಾವ. ಮಗು ಅತ್ತರೂ ಬಿಡದೆ ಹಿಡಿದುಕೊಳ್ಳುವವನೂ ಅವನೇ. ತಾಲೀಮಿನ ಹುಡುಗರು ತಮ್ಮ ಉಸ್ತಾದರಿಗೆ ಆ ಹೆಸರನ್ನೇ ಆರಿಸಿಕೊಂಡದ್ದು ಸಹಜವಾಗಿಯೇ ಇದೆ.

ಬಿರಾಜದಾರರು ಜನಿಸಿದ್ದು 1950ರ ಜೂನ್ 5ರಂದು. ಇಂದು ಶಾಲೆಗೆ ಹೋಗುವ ಮಕ್ಕಳಿಗೆ ಸೋಜಿಗವೆನಿಸುವ ಸಂಗತಿಯೊಂದು ಇಲ್ಲಿದೆ. ಆಗ ನಿಲಂಗಾ ಮಹಾರಾಷ್ಟ್ರದಲ್ಲಿರಲಿಲ್ಲ; ಮಹಾರಾಷ್ಟ್ರವೆಂಬ ರಾಜ್ಯವೇ ಇನ್ನೂ ಹುಟ್ಟಿರಲಿಲ್ಲ. ನಿಲಂಗಾ, ಉದಗೀರ, ಅಹಮದಪುರ ಈ ಮೂರೂ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೆ ಸೇರಿದ್ದ ತಾಲೂಕುಗಳು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದಾಗ ಬೀದರ ಮೈಸೂರು ರಾಜ್ಯಕ್ಕೆ ಹೋಯಿತು. ಈ ತಾಲೂಕುಗಳು ಮುಂಬಯಿ ರಾಜ್ಯದ ಉಸ್ಮಾನಾಬಾದ್ ಜಿಲ್ಲೆಗೆ ಬಂದವು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಸ್ಥಾಪನೆಯಾಯಿತು. ಹತ್ತು ವರ್ಷ ತುಂಬುವಷ್ಟರಲ್ಲಿ ಮುದಗಡದ ಆ ಬಾಲಕ, ಊರು ಬಿಟ್ಟು ಕದಲದೆಯೇ, ಮೂರು ರಾಜ್ಯಗಳನ್ನು ಕಂಡಿದ್ದ. ಲಾತೂರ ಪ್ರತ್ಯೇಕ ಜಿಲ್ಲೆಯಾದದ್ದು ಇನ್ನೂ ತಡವಾಗಿ, 1982ರಲ್ಲಿ.

ಮನೆತನದ ಹೆಸರಿನಲ್ಲಿಯೂ ಈ ಗಡಿಯ ಗುರುತಿದೆ. ಆಚೆ ಬೀದರ, ಕಲಬುರಗಿ, ವಿಜಯಪುರಗಳಲ್ಲಿ ‘ಬಿರಾದಾರ’ರು ಊರೂರಿಗೂ ಇದ್ದಾರೆ, ಈಚೆ ಲಾತೂರ, ಸೊಲ್ಲಾಪುರಗಳಲ್ಲಿ ಅದೇ ಹೆಸರು ‘ಬಿರಾಜದಾರ’ ಎಂದಾಗುತ್ತದೆ. ಕುಸ್ತಿಯ ಮಾತುಗಳಂತೂ ಗಡಿಯನ್ನೇ ಲೆಕ್ಕಿಸಿಲ್ಲ. ಪೈಲವಾನ, ಉಸ್ತಾದ, ತಾಲೀಮು ಇವು ಪಾರಸಿ, ಅರಬ್ಬಿಗಳಿಂದ ಬಂದು ಕನ್ನಡಕ್ಕೂ ಮರಾಠಿಗೂ ಸಮಾನವಾಗಿ ಒಗ್ಗಿದ ಶಬ್ದಗಳು. ತಾಲೀಮು ಎಂದರೆ ಮೂಲದಲ್ಲಿ ವಿದ್ಯಾಭ್ಯಾಸ. ಕನ್ನಡದಲ್ಲಿ ನಾಟಕದವರೂ ತಾಲೀಮು ನಡೆಸುತ್ತಾರೆ. ಮರಾಠಿಯಲ್ಲಿ ಗರಡಿಮನೆಗೇ ಆ ಹೆಸರು.

ಆ ಕಾಲದ ಗರಡಿಮನೆಯೆಂದರೆ ಮಣ್ಣು. ಜರಡಿ ಹಿಡಿದ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ಲಿಂಬೆಯ ರಸ ಬೆರೆಸಿ ಹದ ಮಾಡಿದ ಮಟ್ಟಿ. ನಸುಕಿನಲ್ಲಿ ಎದ್ದು ಅದನ್ನು ಸಲಿಕೆಯಿಂದ ಅಗೆಯುವುದೇ ಹುಡುಗನ ಮೊದಲ ವ್ಯಾಯಾಮ. ಬಳಿಕ ದಂಡ, ಬೈಠಕ್, ಆಮೇಲೆ ಜೋಡಿ. ಇಷ್ಟು ದುಡಿದ ಮೈಗೆ ಹಾಲು, ತುಪ್ಪ, ಬಾದಾಮಿಯ ಖುರಾಕು ಬೇಕು. ಮಳೆಯನ್ನೇ ನಂಬಿದ ಜೋಳದ ಸೀಮೆಯಲ್ಲಿ ಒಬ್ಬ ಮಗನನ್ನು ಪೈಲವಾನನನ್ನಾಗಿ ಬೆಳೆಸುವುದೆಂದರೆ ಉಳಿದವರ ತಾಟಿನಿಂದ ತುಸು ತೆಗೆದು ಅವನ ತಾಟಿಗೆ ಹಾಕುವುದು. ಊರಿಗೆ ಊರೇ ತನ್ನ ಪೈಲವಾನನನ್ನು ತನ್ನವನೆಂದು ಹೇಳಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಅವನ ಮೈಯಲ್ಲಿ ಊರಿನ ಪಾಲೂ ಇರುತ್ತದೆ.

ಮಲ್ಲವಿದ್ಯೆಗೆ ಕೊಲ್ಲಾಪುರವೇ ಕಾಶಿ. ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನ ಅಲ್ಲಿಯದು. ನಮ್ಮ ಕಡೆಯ ಹುಡುಗರಂತೆ ಬಿರಾಜದಾರರೂ ಅಲ್ಲಿಗೆ ಹೋಗಿ ಪಳಗಿದರು. ಮಹಾರಾಷ್ಟ್ರ ಕೇಸರಿ ಸ್ಪರ್ಧೆ ಆರಂಭವಾದದ್ದು 1961ರಲ್ಲಿ. 1967 ಮತ್ತು 1968ರಲ್ಲಿ ಆ ಬಿರುದು ಚಂಬಾ ಮುತ್ನಾಳರದಾಗಿತ್ತು. 1969ರ ಸ್ಪರ್ಧೆ ನಡೆದದ್ದು ಲಾತೂರಿನಲ್ಲಿ. ಗೆದ್ದವರು ಹರಿಶ್ಚಂದ್ರ ಬಿರಾಜದಾರ. ಇಪ್ಪತ್ತರೊಳಗಿನ ತರುಣ, ತನ್ನದೇ ಜಿಲ್ಲೆಯ ನೆಲದಲ್ಲಿ, ತನ್ನದೇ ಜನರ ಎದುರಿನಲ್ಲಿ ರಾಜ್ಯದ ಶ್ರೇಷ್ಠ ಮಲ್ಲನಾದ. ಆ ಕುಸ್ತಿಯನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದಿರುವವರು ಎಪ್ಪತ್ತರ ಗಡಿಯಲ್ಲಿಯೋ ಅದರಾಚೆಯೋ ಇದ್ದಾರೆ. ಅಂದು ಮನೆಮನೆಗೆ ದೂರದರ್ಶನವಿರಲಿಲ್ಲ. ಪೈಲವಾನನ ಪಟ್ಟುಗಳು ಉಳಿದಿರುವುದು ನೋಡಿದವರ ಬಾಯಿಯಲ್ಲಿ ಮಾತ್ರ. ಹೀಗಾಗಿ ಒಂದೇ ಕುಸ್ತಿಯನ್ನು ಇಬ್ಬರು ಹಿರಿಯರು ಎರಡು ಬಗೆಯಾಗಿ ಹೇಳುವುದೂ ಉಂಟು. ಎದುರಾಳಿ ಎಷ್ಟು ಹೊತ್ತಿಗೆ ಚಿತ್ತಾದನೆಂಬುದು ಹೇಳುವವನ ಅಭಿಮಾನವನ್ನು ಅವಲಂಬಿಸಿರುತ್ತದೆ!

ಮರುವರ್ಷ ಅವರ ಹೆಸರು ಸಮುದ್ರ ದಾಟಿತು. 1970ರ ಜುಲೈಯಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರು ಚಿನ್ನದ ಪದಕ ಗಳಿಸಿದರು. ಆ ಕೂಟದಲ್ಲಿ ಭಾರತಕ್ಕೆ ದೊರೆತ ಚಿನ್ನದ ಪದಕಗಳು ಐದು. ಐದೂ ಕುಸ್ತಿಯವು. ಓಟಗಾರರಾಗಲಿ, ಭಾರ ಎತ್ತುವವರಾಗಲಿ ತರದ ಚಿನ್ನವನ್ನು ಮಣ್ಣಿನಲ್ಲಿ ಬೆಳೆದ ಮಲ್ಲರು ತಂದರು. ಅವರಲ್ಲೊಬ್ಬ ನಿಲಂಗಾ ತಾಲೂಕಿನ ಇಪ್ಪತ್ತು ವರ್ಷದ ಯುವಕ. ಈ ಗೆಲುವಿನ ಕಷ್ಟವನ್ನು ಅರಿಯಬೇಕಾದರೆ ಮಣ್ಣಿಗೂ ಮ್ಯಾಟಿಗೂ ಇರುವ ಅಂತರವನ್ನು ಅರಿಯಬೇಕು. ಜಾತ್ರೆಯ ಮಣ್ಣಿನ ಕುಸ್ತಿಯಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗಿದರೇ ಜಯ. ಹೊತ್ತಿನ ಹಂಗಿಲ್ಲ, ತಾಳ್ಮೆಯುಳ್ಳವನು ಎದುರಾಳಿಯ ಉಸಿರು ಸೋಲುವವರೆಗೂ ಕಾಯಬಹುದು. ಮ್ಯಾಟಿನ ಮೇಲೆ ಗಡಿಯಾರ ಓಡುತ್ತಿರುತ್ತದೆ, ಪ್ರತಿಯೊಂದು ಹಿಡಿತಕ್ಕೂ ಅಂಕವುಂಟು, ಕಾಲು ಹೂಳಿ ನಿಲ್ಲಲು ಮೆತ್ತನೆಯ ಮಣ್ಣಿಲ್ಲ. ಮಣ್ಣಿನಲ್ಲಿ ಮೆರೆದ ಎಷ್ಟೋ ಮಹಾಮಲ್ಲರು ಮ್ಯಾಟಿನ ಮೇಲೆ ತಬ್ಬಿಬ್ಬಾಗಿದ್ದಾರೆ. ಬಿರಾಜದಾರರಿಗೆ ಎರಡೂ ಒಲಿದವು. ಮುಂದೆ ಗುರುವಾಗಿ ಅವರು ಪಡೆದ ಯಶಸ್ಸಿನ ಬೇರು ಇಲ್ಲಿಯೇ ಇದ್ದಂತೆ ತೋರುತ್ತದೆ.

ಅಭಿಮಾನಿಗಳನ್ನು ಕೇಳಿದರೆ ಮಾತ್ರ ಎಡಿನ್‌ಬರೋಗಿಂತ ಮೊದಲು ಬರುವುದು ಸತ್ಪಾಲರ ಹೆಸರು. ದಿಲ್ಲಿಯ ಗುರು ಹನುಮಾನರ ಶಿಷ್ಯ ಸತ್ಪಾಲ್ 1970ರ ದಶಕದಲ್ಲಿ ಉತ್ತರ ಭಾರತದ ಹೆಮ್ಮೆಯಾಗಿದ್ದ ಭಾರೀ ಮಲ್ಲ. 1982ರ ದಿಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವರು. ಅಂಥವರನ್ನು ಬಿರಾಜದಾರರು ಸೋಲಿಸಿದರೆಂಬುದು ದಕ್ಷಿಣದ ಕುಸ್ತಿಪ್ರಿಯರಿಗೆ ಇಂದಿಗೂ ಹಬ್ಬದಂಥ ನೆನಪು. ಪದಕ ಸರಕಾರದ ದಾಖಲೆಯಲ್ಲಿರುತ್ತದೆ. ಬಲ್ಲಿದನನ್ನು ನಮ್ಮವನು ಕೆಡವಿದನೆಂಬುದು ಕಟ್ಟೆಯ ಮೇಲಿನ ಮಾತಿನಲ್ಲಿರುತ್ತದೆ. ಅದರ ಆಯುಷ್ಯವೇ ಹೆಚ್ಚು.

ಮಲ್ಲನ ಹರೆಯ ಬಲು ಚಿಕ್ಕದು. ಮೂವತ್ತೈದು ದಾಟಿದ ಮೇಲೆ ಬಹಳಷ್ಟು ಪೈಲವಾನರು ಊರಿಗೆ ಮರಳಿ ಹೊಲ ನೋಡಿಕೊಳ್ಳುತ್ತಾರೆ. ಜಾತ್ರೆಯಲ್ಲಿ ಪಟಗಾ ಸುತ್ತಿಸಿಕೊಂಡು ಮೊದಲ ಸಾಲಿನಲ್ಲಿ ಕೂರುತ್ತಾರೆ. ಬಿರಾಜದಾರರು ಪುಣೆಯ ಗೋಕುಳ ವಸ್ತಾದ ತಾಲೀಮಿನಲ್ಲಿ ಗುರುವಾಗಿ ನೆಲೆನಿಂತರು. ಲಾತೂರ, ಬೀಡ ಮೊದಲಾದ ಜಿಲ್ಲೆಗಳಿಂದ ಹುಡುಗರು ಹಾಸಿಗೆ ಸುತ್ತಿಕೊಂಡು ಅವರಲ್ಲಿಗೆ ಬಂದರು. ಲಾತೂರ ಜಿಲ್ಲೆಯವರೇ ಆದ ಕಾಕಾ ಪವಾರ ಅವರ ಕೈಯಲ್ಲಿ ತಯಾರಾಗಿ, ಗ್ರೀಕೋ-ರೋಮನ್ ಕುಸ್ತಿಯಲ್ಲಿ ಹೆಸರು ಮಾಡಿ, 1998ರ ಅರ್ಜುನ ಪ್ರಶಸ್ತಿ ಪಡೆದರು. ಸೊಂಟದ ಕೆಳಗೆ ಹಿಡಿಯಲು ಅವಕಾಶವೇ ಇಲ್ಲದ ಆ ಪಾಶ್ಚಾತ್ಯ ಪದ್ಧತಿಯಲ್ಲಿ, ಮಣ್ಣಿನ ಗುರುವಿನ ಶಿಷ್ಯ ಅರ್ಜುನ ಪ್ರಶಸ್ತಿಗೆ ಪಾತ್ರನಾದದ್ದು ಸಣ್ಣ ಮಾತಲ್ಲ. ನಿವೃತ್ತಿಯ ಬಳಿಕವೂ ಕ್ರೀಡೆಗಾಗಿ ದುಡಿದವರಿಗೆ ಕೇಂದ್ರ ಸರಕಾರ ಆಗ ನೀಡುತ್ತಿದ್ದ ಧ್ಯಾನಚಂದ್ ಪ್ರಶಸ್ತಿ 2006ರಲ್ಲಿ ಬಿರಾಜದಾರರಿಗೆ ಸಂದಿತು.

ರಾಹುಲ್ ಆವಾರೆಯೂ ಅದೇ ತಾಲೀಮಿನ ಹುಡುಗ. ತಂದೆಯೇ ಪೈಲವಾನರು, ಮಗನನ್ನು ತಂದು ಮಾಮಾ ಅವರಿಗೆ ಒಪ್ಪಿಸಿದ್ದರು. 2008ರಲ್ಲಿ ಪುಣೆಯಲ್ಲಿಯೇ ನಡೆದ ಕಾಮನ್‌ವೆಲ್ತ್ ಯುವ ಕ್ರೀಡಾಕೂಟದಲ್ಲಿ ರಾಹುಲ್ ಚಿನ್ನ ಗೆದ್ದಾಗ ಗುರುಗಳು ಇನ್ನೂ ಇದ್ದರು. ಮುಂದಿನ ದಾರಿ ಸುಲಭವಾಗಲಿಲ್ಲ. 2010ರ ದಿಲ್ಲಿ ಕೂಟದಲ್ಲಿ ಆತನಿಗೆ ಸ್ಥಾನವಿರಲಿಲ್ಲ. 2011ರ ಸೆಪ್ಟೆಂಬರಿನಲ್ಲಿ, 61ನೆಯ ವಯಸ್ಸಿನಲ್ಲಿ, ಬಿರಾಜದಾರರು ನಿಧನರಾದರು. ಇಪ್ಪತ್ತರ ಆಸುಪಾಸಿನಲ್ಲಿದ್ದ ಶಿಷ್ಯ ತಂದೆಯಂಥ ಗುರುವನ್ನು ಕಳೆದುಕೊಂಡ. 2014ರ ಗ್ಲಾಸ್ಗೋ ಕೂಟವೂ 2016ರ ರಿಯೋ ಒಲಿಂಪಿಕ್ಸೂ ಕೈತಪ್ಪಿದವು. ಇಂಥ ಹೊತ್ತಿನಲ್ಲಿ ಅನೇಕರು ಮಟ್ಟಿಯನ್ನು ತೊರೆದು ನೌಕರಿ ಹುಡುಕಿಕೊಳ್ಳುತ್ತಾರೆ. ಹಾಗೆ ಮಾಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ರಾಹುಲ್ ತಾಲೀಮನ್ನು ಬಿಡಲಿಲ್ಲ. ಗುರುವಿನ ಸ್ಥಾನದಲ್ಲಿ ಹಿರಿಯ ಗುರುಬಂಧು ಕಾಕಾ ಪವಾರರು ನಿಂತರು. ಪುಣೆಯ ಕಾತ್ರಜದಲ್ಲಿ ಪವಾರರು ನಡೆಸುವ ಕುಸ್ತಿ ಸಂಕುಲದಲ್ಲಿ ಅಭ್ಯಾಸ ಮುಂದುವರಿಯಿತು. ಗೋಲ್ಡ್ ಕೋಸ್ಟಿನ ಚಿನ್ನ ಬಂದದ್ದು ಹೀಗೆ. ಮರುವರ್ಷ ಕಜಕಿಸ್ತಾನದ ನೂರ್-ಸುಲ್ತಾನದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ 61 ಕಿಲೋ ವಿಭಾಗದ ಕಂಚು, 2020ರಲ್ಲಿ ಅರ್ಜುನ ಪ್ರಶಸ್ತಿ ಅದರ ಹಿಂದೆಯೇ ಬಂದವು.

ಗೋಲ್ಡ್ ಕೋಸ್ಟಿನ ಆ ದಿನದ ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸಲಿಲ್ಲ. ಅಂದೇ 74 ಕಿಲೋ ವಿಭಾಗದಲ್ಲಿ ಸುಶೀಲ್ ಕುಮಾರ್ ದಕ್ಷಿಣ ಆಫ್ರಿಕಾದ ಎದುರಾಳಿಯನ್ನು ಒಂದೂವರೆ ನಿಮಿಷದೊಳಗೆ ಸೋಲಿಸಿ ಚಿನ್ನ ಗೆದ್ದರು. ಸುಶೀಲ್ ಕುಮಾರರ ಗುರು ಯಾರು? ಅದೇ ಸತ್ಪಾಲ್. ನಾಲ್ಕು ದಶಕಗಳ ಹಿಂದೆ ಎದುರುಬದುರಾಗಿ ಸೆಣಸಿದ ಇಬ್ಬರು ಮಲ್ಲರ ಶಿಷ್ಯರು ಒಂದೇ ದಿನ ಒಂದೇ ದೇಶಕ್ಕಾಗಿ ಪೀಠದ ಮೇಲೆ ನಿಂತರು. ಗುರುಗಳಲ್ಲಿ ಒಬ್ಬರು ಅದನ್ನು ನೋಡಲು ಇದ್ದರು, ಒಬ್ಬರು ಇರಲಿಲ್ಲ.

ಮರಾಠಿ ಪತ್ರಿಕೆಗಳು ಮಾಮಾ ಅವರನ್ನು ಧಾರಾಳವಾಗಿ ನೆನೆದಿವೆ. ಕನ್ನಡದಲ್ಲಿ ಅವರ ಬಗೆಗೆ ಓದಲು ಸಿಗುವುದು ಅತ್ಯಲ್ಪ. ಗಡಿಯಾಚೆಯವರಿಗೆ ಅವರು ಮಹಾರಾಷ್ಟ್ರದವರು, ಈಚೆಯವರಿಗೆ ಕನ್ನಡದಲ್ಲಿ ಬರೆಯುವ ಪ್ರಮೇಯವಿಲ್ಲ. ಬಾಲಭಾರತಿಯ ಕನ್ನಡ ಪುಸ್ತಕ ಹಿಡಿದು ಶಾಲೆಗೆ ಹೋಗುವ ಮಗು ಈ ಸಂದಿನಲ್ಲಿಯೇ ಬೆಳೆಯುತ್ತದೆ. ಆ ಮಗುವಿನ ಅಜ್ಜ ಮಾತ್ರ ಮಾಮಾ ಅವರ ಕುಸ್ತಿಯನ್ನು ಮನೆಮಾತಿನಲ್ಲಿ ಹೇಳಬಲ್ಲ. ಎಡಗಾಲು ಎಲ್ಲಿ ಇಟ್ಟರು, ಯಾವ ಕೈಯಿಂದ ಕುತ್ತಿಗೆ ಒತ್ತಿದರು, ಹಲಗೆಯ ಬಡಿತ ಯಾವಾಗ ಏರಿತು, ಎಲ್ಲವನ್ನೂ. ಮಕ್ಕಳು ಕೇಳಿ ಬರೆದುಕೊಳ್ಳುವುದಾದರೆ ಈಗಲೇ ಬರೆದುಕೊಳ್ಳಬೇಕು. ಹೇಳುವವರು ವರುಷ ವರುಷಕ್ಕೂ ಕಡಮೆಯಾಗುತ್ತಿದ್ದಾರೆ.

2020ರ ಜನವರಿ 7ರಂದು ಪುಣೆಯ ಬಾಲೇವಾಡಿಯಲ್ಲಿ ಮಹಾರಾಷ್ಟ್ರ ಕೇಸರಿಯ ಅಂತಿಮ ಕುಸ್ತಿ ನಡೆಯಿತು. ಒಂದು ಕಡೆ ನಾಸಿಕದ ಹರ್ಷವರ್ಧನ ಸದಗೀರ, ಇನ್ನೊಂದು ಕಡೆ ಲಾತೂರಿನ ಶೈಲೇಶ ಶೆಳಕೆ. ಇಬ್ಬರೂ ಕಾಕಾ ಪವಾರರ ತಾಲೀಮಿನವರು. ಎಂದರೆ ಬಿರಾಜದಾರ ಮಾಮಾ ಅವರ ಶಿಷ್ಯನ ಶಿಷ್ಯರು. ಐವತ್ತೊಂದು ವರ್ಷಗಳ ಹಿಂದೆ ಮಾಮಾ ಗೆದ್ದ ಬಿರುದಿಗಾಗಿ ಒಂದೇ ಮನೆಯ ಇಬ್ಬರು ಸೆಣಸಿದರು. 3–2 ಅಂಕಗಳಿಂದ ಸದಗೀರ ಗೆದ್ದರು. ಗೆದ್ದವನನ್ನು ಹೆಗಲ ಮೇಲೆ ಎತ್ತಿ ಮೆರೆಸುವುದು ಕುಸ್ತಿಯ ಹಳೆಯ ವಾಡಿಕೆ. ಅಂದು ಗೆದ್ದ ಸದಗೀರರೇ ಸೋತ ಶೆಳಕೆಯನ್ನು ತಮ್ಮ ಹೆಗಲ ಮೇಲೆ ಎತ್ತಿಕೊಂಡು ಕಣದಲ್ಲಿ ನಡೆದರು.