ಇಲಿ ಎಷ್ಟು ಹೇಳಬಲ್ಲದು?

ಇಲಿಗೆ ಸ್ಕಿಜೋಫ್ರೇನಿಯಾ ಬರುವುದಿಲ್ಲ. ನೆರೆಯವರು ಮಾಟ ಮಾಡಿಸಿದ್ದಾರೆಂದು ಅದು ಅಂಜುವುದಿಲ್ಲ. ಅಂಜಿದರೂ ನಮಗೆ ಹೇಳಲಾರದು. ಆದರೂ ಈ ಕಾಯಿಲೆಯ ಮದ್ದಿನ ಚರಿತ್ರೆಯಲ್ಲಿ ಪ್ರಾಣಿಗಳ ಪಾಲು ದೊಡ್ಡದು.

1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಅದು ನಮ್ಮ ಸರ್ಪಗಂಧಿಯ ಬೇರಿನ ಸತ್ವ. ಆ ಬೇರು ಹುಚ್ಚಿಗೂ ರಕ್ತದೊತ್ತಡಕ್ಕೂ ಒದಗುತ್ತದೆಂದು ಕಲ್ಕತ್ತೆಯ ಸೇನ್ ಮತ್ತು ಬೋಸ್ 1931ರಲ್ಲೇ ಬರೆದಿದ್ದರು. ಮೊಲಗಳು ಮರಗಟ್ಟಿ ಕೂತವು. ಮಿದುಳಿನಲ್ಲಿ ಡೋಪಮಿನ್ ಆಗಿ ಮಾರ್ಪಡುವ ಎಲ್-ಡೋಪಾ ಚುಚ್ಚಿದಾಗ ಮತ್ತೆ ಚುರುಕಾದವು. ಮಿದುಳಿನಲ್ಲಿ ಡೋಪಮಿನ್‌ಗೆ ತನ್ನದೇ ಕೆಲಸವಿದೆ ಎಂಬ ಅರಿವು ಹೀಗೆ ಬೆಳೆಯಿತು.

ಸ್ಕಿಜೋಫ್ರೇನಿಯಾಕ್ಕೆ ಬಳಕೆಗೆ ಬಂದ ಮದ್ದುಗಳು ಡೋಪಮಿನ್ನನ್ನು ತಡೆಯುವಂಥವು. ಇಲಿ ಪರೀಕ್ಷೆಗಳೂ ಅದಕ್ಕೇ ಹೊಂದಿಕೊಂಡವು: ಡೋಪಮಿನ್ ಏರಿಸುವ ಆಂಫೆಟಮಿನ್ ಕೊಟ್ಟು ಓಡಾಡಿಸುವುದು, ಮದ್ದು ಕೊಟ್ಟು ಸುಮ್ಮನಾಗಿಸುವುದು. ಹೀಗೆ ಹುಡುಕಿದರೆ ಹಳೆಯ ಮದ್ದಿನ ತಮ್ಮಂದಿರೇ ಸಿಗುತ್ತಾರೆ. ಈ ಮದ್ದುಗಳಿಂದ ಕಿವಿಯೊಳಗಿನ ದನಿ ಎಷ್ಟೋ ಮಂದಿಗೆ ಅಡಗುತ್ತದೆ, ನಿಜ. ಆದರೆ ಯಾದಗಿರಿ ಜಿಲ್ಲೆಯ ಕಡೇಚೂರಿನ ಕಡೆಯ ರೈತ ಮನೆಗೆ ಅಷ್ಟೇ ಸಾಲದು. ಮಗ ಎದ್ದು ಸ್ನಾನ ಮಾಡಬೇಕು, ನಾಲ್ಕು ಮಾತಾಡಬೇಕು, ತೊಗರಿ ಹೊಲದ ಕೆಲಸಕ್ಕೆ ಕೈ ಹಚ್ಚಬೇಕು. ಬತ್ತಿದ ಆ ಹುಮ್ಮಸ್ಸಿಗೆ ಈ ಮಾತ್ರೆಗಳು ಹೆಚ್ಚೇನೂ ಮಾಡವು.

ಹಾಗಾದರೆ ಇಲಿಯನ್ನು ಏನು ಕೇಳಬೇಕು? 2021ರಲ್ಲಿ ಅಮೆರಿಕದ ಒಂದು ತಂಡ ಮನುಷ್ಯರಿಗೂ ಇಲಿಗಳಿಗೂ ಒಂದೇ ಬಗೆಯ ಕೆಲಸ ಕೊಟ್ಟಿತು: ಗದ್ದಲದ ನಡುವೆ ಸಣ್ಣ ಸದ್ದು ಕೇಳಿತೇ? ಕೇಳಿತೆಂಬ ನಂಬಿಕೆ ಬಲವಾದಷ್ಟೂ ಇಲಿ ಬಹುಮಾನಕ್ಕಾಗಿ ಹೆಚ್ಚು ಹೊತ್ತು ಕಾಯುತ್ತಿತ್ತು. ಇಲ್ಲದ ಸದ್ದನ್ನು ಕೇಳಿದೆನೆಂದು ನಂಬಿ ಕಾದಾಗ, ಅದಕ್ಕೆ ಮುನ್ನವೇ ಮಿದುಳಿನ ಒಂದು ಭಾಗದಲ್ಲಿ ಡೋಪಮಿನ್ ಏರಿರುತ್ತಿತ್ತು. ಕಾಯಿಲೆಯನ್ನೇ ಇಲಿಯಲ್ಲಿ ಹುಟ್ಟಿಸುತ್ತೇವೆಂಬ ಹಟಕ್ಕಿಂತ ಇಂಥ ಚಿಕ್ಕ, ನೇರ ಪ್ರಶ್ನೆಯಲ್ಲೇ ನನಗೆ ಭರವಸೆ.

ಏಕೆಂದರೆ ಇಲಿಗಳ ನಡವಳಿಕೆಯನ್ನು ಕಂಪ್ಯೂಟರ್‌ನಿಂದ ಅಳೆದು ಆರಿಸಿದ್ದ ಯುಲೊಟರಾಂಟ್ ಎಂಬ ಮದ್ದು, 2023ರಲ್ಲಿ ರೋಗಿಗಳ ಮೇಲಿನ ದೊಡ್ಡ ಪ್ರಯೋಗಗಳಲ್ಲಿ ಹುಸಿ ಮಾತ್ರೆಯನ್ನು ಮೀರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಒಪ್ಪಿಗೆ ಪಡೆದ ಕ್ಸನೊಮೆಲಿನ್-ಟ್ರೋಸ್ಪಿಯಂ ಎಂಬ ಮದ್ದು ಬೇರೆ ದಾರಿಯದು. ಡೋಪಮಿನ್ ಗ್ರಾಹಕಗಳನ್ನು ಅದು ನೇರವಾಗಿ ಮುಟ್ಟುವುದಿಲ್ಲ. ಅದರ ಮೊದಲ ಸುಳಿವು ಸಿಕ್ಕಿದ್ದು ಆಲ್ಜೈಮರ್ ರೋಗಿಗಳಲ್ಲಿ. ಮದ್ದು ಎಲ್ಲಿ ನಾಟುತ್ತದೆಂದು ಬಿಡಿಸಿ ಹೇಳಲು ಇಲಿಗಳೂ ನೆರವಾದವು.

ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮತ್ತು ಎನ್‌ಸಿಬಿಎಸ್ ವಿಜ್ಞಾನಿಗಳು 2016ರಿಂದ ಇನ್ನೊಂದು ಬಾಗಿಲು ತಟ್ಟುತ್ತಿದ್ದಾರೆ. ಹಲವರಿಗೆ ಮನೋರೋಗವಿರುವ ಕುಟುಂಬಗಳ ರಕ್ತಕಣಗಳಿಂದ ಕಾಂಡಕೋಶಗಳನ್ನು, ಅವುಗಳಿಂದ ನರಕೋಶಗಳನ್ನು ಬೆಳೆಸುತ್ತಾರೆ. ಇಲಿ ಕೊಡಲಾಗದ ಮನುಷ್ಯನ ವಂಶವಾಹಿ ಅಲ್ಲಿದೆ. ಓಡಾಡುವ, ಬೆದರುವ ಇಡೀ ಜೀವ ಅಲ್ಲಿಲ್ಲ. ಎರಡೂ ಬೇಕು.

ಕಡೇಚೂರಿನ ಕೈಗಾರಿಕಾ ಪ್ರದೇಶದಲ್ಲಿ ಔಷಧ ಕಾರ್ಖಾನೆಗಳೇನೋ ಇವೆ. ಆದರೆ ಹೊಸ ಮದ್ದು ಆ ಸೀಮೆಯ ರೋಗಿಯ ಕೈಗೆಟುಕುವವರೆಗೆ, ಇರುವ ಮಾತ್ರೆ ತಪ್ಪದಂತೆ ನೋಡಿಕೊಳ್ಳಬೇಕು. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ‘ಮನೋಚೈತನ್ಯ’ ಯೋಜನೆ ಅದಕ್ಕೆಂದೇ ಇದೆ.